ಬಾಗಿಲು ತಟ್ಟುವ ಕೆಲಸ

ಅಮೆರಿಕದ ರಾಲಿಯಲ್ಲಿ ನಮ್ಮ ಕೇಂದ್ರವಿದ್ದ ಜಾಗದಲ್ಲಿ ಈಗ ಮಕ್ಕಳು ಗಣಿತ ಕಲಿಯುತ್ತಾರಂತೆ. ಪಕ್ಕದ ಟ್ಯೂಷನ್ ಕ್ಲಾಸಿನವರು ನಡುವಿನ ಗೋಡೆ ಒಡೆದು ಅದನ್ನೂ ಸೇರಿಸಿಕೊಂಡಿದ್ದಾರೆ. ನಾವಿದ್ದಾಗ ಅಲ್ಲಿ ಕಂದು ಬಣ್ಣದ ಒಂದು ಹಳೆಯ ಸೋಫಾ ಇತ್ತು. ಅದರ ಒಂದು ಬದಿ ಕುಸಿದಿತ್ತು. ಗೊತ್ತಿಲ್ಲದೆ ಕೂತವರು ಪಕ್ಕದವರ ಹೆಗಲಿಗೆ ವಾಲುತ್ತಿದ್ದರು, ಪರಿಚಯ ಅಲ್ಲಿಂದಲೇ ಶುರುವಾಗುತ್ತಿತ್ತು. ಕಾಫಿ ಮೆಷಿನ್ ಬೆಳಗಿನಿಂದ ಸಂಜೆಯವರೆಗೆ ಗೊರಗೊರ ಎನ್ನುತ್ತಿತ್ತು, ತಳ ಹತ್ತಿದ ಕಾಫಿಯ ವಾಸನೆ ನಮ್ಮ ಬಟ್ಟೆಗೆಲ್ಲ ಅಂಟಿರುತ್ತಿತ್ತು. ಫೇರ್‌ಫ್ಯಾಕ್ಸ್‌ನ ನನ್ನ ಈಗಿನ ಆಫೀಸಿನಲ್ಲಿ ಕಾಫಿ ಅದಕ್ಕಿಂತ ಎಷ್ಟೋ ಚೆನ್ನಾಗಿದೆ. ಆದರೂ ಎಲ್ಲಾದರೂ ಆ ಸುಟ್ಟ ವಾಸನೆ ಮೂಗಿಗೆ ಬಿದ್ದರೆ ಮೊದಲು ಮನಸ್ಸು ಅರಳುತ್ತದೆ. ಭಯ ನೆನಪಾಗುವುದು ಆಮೇಲೆ.

ಡ್ರಗ್ಸ್ ಬಳಸುವವರಿಗಾಗಿ ಇದ್ದ ಕೇಂದ್ರ ಅದು. ಚಟ ಬಿಡಿಸುವುದಕ್ಕೆ ಬೇರೆ ಕಡೆ ಕಳಿಸುತ್ತಿದ್ದೆವು. ಅವರು ಬಿಡುವ ಮನಸ್ಸು ಮಾಡುವ ತನಕ ಸಾಯದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ವಾಪಸ್ ಪಡೆದು ಹೊಸದನ್ನು ಕೊಡುತ್ತಿದ್ದೆವು. ಪುಡಿಯಲ್ಲಿ ಚಿಟಿಕೆಯಷ್ಟಕ್ಕೇ ಕೊಲ್ಲುವ ಫೆಂಟನಿಲ್ ಬೆರೆತಿದೆಯೇ ಎಂದು ನೋಡುವ ಕಾಗದದ ಪಟ್ಟಿ, ಉಸಿರು ನಿಂತವರ ಮೂಗಿಗೆ ಬಿಡುವ ನಲೊಕ್ಸೋನ್ ಸ್ಪ್ರೇ, ಗಾಯಕ್ಕೆ ಬ್ಯಾಂಡೇಜ್, ಒಣ ಸಾಕ್ಸ್, ಕಾಫಿ. ಇವೆಲ್ಲ ಕೊಡಲು ಕಾನೂನಿನ ಅಡ್ಡಿ ಇರಲಿಲ್ಲ. ಕೊಟ್ಟ ಸೂಜಿಯನ್ನು ಬಳಸಲು ಜಾಗ ಕೊಡುವಂತಿರಲಿಲ್ಲ. ಬೇರೆ ಕೆಲವು ಊರುಗಳಲ್ಲಿ ನರ್ಸ್ ಎದುರಿಗೇ ಕೂತು ಬಳಸುವ ಕೋಣೆಗಳಿವೆ. ಅಂಥದ್ದು ಇಲ್ಲೂ ಬೇಕೋ ಬೇಡವೋ ಎಂಬ ವಾದ ಕೋವಿಡ್ ಇಳಿದ ಮೇಲಿನ ಆ ವರ್ಷಗಳಲ್ಲಿ ನಮ್ಮ ಊರಿನಲ್ಲೂ ಬಿಸಿಯಾಗಿತ್ತು. ಬೇಡ ಎನ್ನುವವರು, ನೀವು ವಿಷಕ್ಕೆ ಮಣೆ ಹಾಕುತ್ತಿದ್ದೀರಿ ಎನ್ನುತ್ತಿದ್ದರು. ಬೇಕು ಎನ್ನುವವರು, ಮಣೆ ಹಾಕದಿದ್ದರೂ ಅವರು ನೆಲದ ಮೇಲೆ ಕೂತು ಅದನ್ನೇ ಮಾಡುತ್ತಾರೆ ಎನ್ನುತ್ತಿದ್ದರು.

ನಮ್ಮಲ್ಲಿ ಇದ್ದದ್ದು ಒಂದೇ ಬಾತ್‌ರೂಮ್. ಅದರ ಪಕ್ಕದ ಗೋಡೆಗೆ 'ಇಲ್ಲಿ ಡ್ರಗ್ಸ್ ಬಳಸುವಂತಿಲ್ಲ' ಎಂಬ ಬೋರ್ಡು. ಎದುರಿನ ಟೇಬಲ್ ಮೇಲೆ ಕೋಳಿಮರಿಯ ಆಕಾರದ ಒಂದು ಕಿಚನ್ ಟೈಮರ್. ಬೋರ್ಡೂ ನಮ್ಮದೇ, ಟೈಮರೂ ನಮ್ಮದೇ. ಯಾರಾದರೂ ಒಳಗೆ ಹೋದ ಕೂಡಲೆ ಕೋಳಿಮರಿಯ ಕತ್ತು ತಿರುಗಿಸಬೇಕು. ಅದು ಕಿರ್ರೆಂದಾಗ ಬಾಗಿಲು ತಟ್ಟಿ, ಹುಷಾರಾಗಿದ್ದೀರಾ ಎಂದು ಕೇಳಬೇಕು. ಉತ್ತರ ಬಂದರೆ ಮತ್ತೆ ಕತ್ತು ತಿರುಗಿಸಬೇಕು. ಬರದಿದ್ದರೆ ಇನ್ನೊಮ್ಮೆ ಜೋರಾಗಿ ತಟ್ಟಬೇಕು, ಆಮೇಲೆ ಕೀ. ನನಗೆ ಇದನ್ನು ಕಲಿಸಿದ್ದು ನಮ್ಮ ನಿರ್ದೇಶಕಿ. ಬಹಳ ಕಾಲ ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸ್ ಆಗಿದ್ದವಳು.

"ಏನು ಹೇಳ್ತಾರೆ ಅನ್ನೋದು ಮುಖ್ಯ ಅಲ್ಲ. ಬೈದ್ರೂ ಸರಿ. ಬೈಯೋಕೂ ಉಸಿರು ಬೇಕಲ್ವಾ," ಎಂದಿದ್ದಳು.

ಬೈಗುಳಕ್ಕೆ ನಮ್ಮಲ್ಲಿ ಬರವಿರಲಿಲ್ಲ. ಸೋಫಾದ ಕುಸಿದ ಬದಿಯ ಕಾಯಂ ಗಿರಾಕಿ ರೂಫಿಂಗ್ ಕೆಲಸದವನೊಬ್ಬ. ಛಾವಣಿಯಿಂದ ಬಿದ್ದು ಬೆನ್ನು ಮುರಿದುಕೊಂಡು, ನೋವಿನ ಮಾತ್ರೆಯಿಂದ ಶುರುವಾಗಿ ಸೂಜಿಗೆ ಬಂದವನು. ಅವನ ಪಕ್ಕದಲ್ಲಿ ಹಿಂದೆ ಸ್ಕೂಲ್ ಬಸ್ ಓಡಿಸುತ್ತಿದ್ದ ಹೆಂಗಸು. ವಯಸ್ಸು ಐವತ್ತರ ಮೇಲೆ, ಉಗುರಿಗೆ ಯಾವಾಗಲೂ ಬಣ್ಣ. ನನ್ನ ಹೆಸರು ಅವಳ ನಾಲಗೆಗೆ ಹೊರಳದೆ 'ಪ್ರೊಫೆಸರ್' ಎಂದು ಕರೆಯುತ್ತಿದ್ದಳು. ಅವನು ಒಳಗಿದ್ದಾಗ ನಾನು ಬಾಗಿಲು ತಟ್ಟಿದರೆ ಇವಳು ಸೋಫಾದಿಂದಲೇ ಕೂಗುವಳು:

"ಏಯ್, ಒಳಗೇನು ಹೊಸ ಛಾವಣಿ ಹಾಕ್ತಿದ್ದೀಯಾ?"

"ಸೋರ್ತಾ ಇದೆ ಕಣೇ, ನೋಡ್ತಿದ್ದೀನಿ!" ಎಂದು ಒಳಗಿನಿಂದ ಅವನು.

"ಬೇಗ ಬಾ, ಪ್ರೊಫೆಸರ್‌ಗೆ ಬಿಪಿ ಏರ್ತಿದೆ!"

ಇಡೀ ಕೋಣೆ ನಗುತ್ತಿತ್ತು. ನಾನೂ ನಗುತ್ತಿದ್ದೆ. ಬಾಗಿಲು ತಟ್ಟಿಸಿಕೊಳ್ಳುವುದು ಯಾರಿಗಾದರೂ ಅವಮಾನವೇ. ಆ ಅವಮಾನವನ್ನು ಅವರು ಹೀಗೆ ತಮಾಷೆ ಮಾಡಿ ಹಂಚಿಕೊಳ್ಳುತ್ತಿದ್ದರು. ಆ ಕೇಂದ್ರದ ಬಗ್ಗೆ ಯೋಚಿಸಿದಾಗ ನನಗೆ ಮೊದಲು ಕೇಳಿಸುವುದು ಈ ಗಲಾಟೆ.

ಕಟ್ಟಡದ ಮಾಲೀಕರು ನಮ್ಮವರೇ, ಧಾರವಾಡದ ಕಡೆಯ ನಿವೃತ್ತ ಸಿವಿಲ್ ಇಂಜಿನಿಯರ್. ನಾನು ಕನ್ನಡದವಳು ಎಂದು ತಿಳಿದ ದಿನ ಹೆಂಡತಿ ಮಾಡಿದ ಶೇಂಗಾ ಹಿಂಡಿಯ ಪೊಟ್ಟಣ ತಂದುಕೊಟ್ಟಿದ್ದರು.

"ಅಷ್ಟು ಓದಿ ಇಲ್ಲಿ ಸೂಜಿ ಹಂಚ್ತಿಯಲ್ಲವ್ವಾ. ಮೈಸೂರಾಗ ನಿಮ್ಮವ್ವಗ ಗೊತ್ತೈತೇನು?"

"ಸಾಕ್ಸ್ ಹಂಚ್ತೀನಿ ಅಂತ ಹೇಳಿದೀನಿ ಅಂಕಲ್."

"ಶಾಣ್ಯಾ ಇದ್ದಿ," ಎಂದು ನಕ್ಕಿದ್ದರು.

ಆದರೆ ಆಮೇಲಿನ ಬೇಸಿಗೆಯಲ್ಲಿ ಅವರು ನಗುವ ಸ್ಥಿತಿಯಲ್ಲಿರಲಿಲ್ಲ. ಟ್ಯೂಷನ್ ಕ್ಲಾಸಿಗೆ ಬಂದ ಒಂದು ಪುಟ್ಟ ಹುಡುಗಿ ಪಾರ್ಕಿಂಗ್ ಲಾಟ್‌ನಲ್ಲಿ ಬಿದ್ದಿದ್ದ ಸೂಜಿಯನ್ನು ಎತ್ತಿಕೊಂಡಿದ್ದಳು. ಚುಚ್ಚಲಿಲ್ಲ, ಪುಣ್ಯ. ತಂದೆತಾಯಿಗಳು, ಅವರಲ್ಲಿ ಅರ್ಧ ನಮ್ಮ ಕಡೆಯವರೇ, ಅಂಕಲ್ ಮನೆಗೆ ಹೋಗಿ ಕೂತರು. ಅಂಕಲ್ ನಮಗೆ ಒಂದೇ ಷರತ್ತು ಹಾಕಿದರು: ಬಾತ್‌ರೂಮಿಗೆ ಬೀಗ ಹಾಕಿ, ಸ್ಟಾಫ್ ಬಿಟ್ಟು ಯಾರೂ ಬಳಸಬಾರದು, ಇಲ್ಲದಿದ್ದರೆ ಲೀಸ್ ಮುಂದುವರಿಯುವುದಿಲ್ಲ. ನಿರ್ದೇಶಕಿ ಒಪ್ಪಲಿಲ್ಲ. ಬೀಗ ಹಾಕಿದರೆ ಅವರೆಲ್ಲ ಆ ಪಾರ್ಕಿಂಗ್ ಲಾಟ್‌ಗೇ ಹೋಗುತ್ತಾರೆ, ಕಾರಿನ ಹಿಂದೆ ಒಬ್ಬರೇ ಬೀಳುತ್ತಾರೆ, ಸೂಜಿಯೂ ಅಲ್ಲೇ ಬೀಳುತ್ತದೆ ಎಂಬುದು ಅವಳ ಮಾತು. ಆದರೆ ಅದನ್ನು ಅಂಕಲ್‌ಗೆ ಹೇಳಬೇಕಾದರೆ ಬಾತ್‌ರೂಮಿನಲ್ಲಿ ಏನಾಗುತ್ತದೆ ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಕಾನೂನು ಅವಳ ಮೇಲೂ ಬರುತ್ತದೆ, ಜಾಗ ಕೊಟ್ಟ ಅಂಕಲ್ ಮೇಲೂ ಬರುತ್ತದೆ.

ಆಗಸ್ಟ್‌ನ ಒಂದು ಮಧ್ಯಾಹ್ನ ಅಂಕಲ್ ಹೇಳದೆ ಬಂದರು. ಬಿಸಿಲಿಗೆ ಹೊರಗಿನ ಡಾಂಬರು ಮೆತ್ತಗಾಗಿತ್ತು. ಒಳಗೆ ಸೋಫಾ ತುಂಬಿತ್ತು. ನಿರ್ದೇಶಕಿ ನನ್ನ ಕಿವಿಯಲ್ಲಿ, "ನಿಮ್ಮ ಭಾಷೆಯಲ್ಲೇ ಮಾತಾಡು, ಸ್ವಲ್ಪ ಕರಗಬಹುದು," ಎಂದಳು. ನಾವು ಮೂವರೂ ಟೈಮರ್ ಇದ್ದ ಟೇಬಲಿಗೆ ಬೆನ್ನು ಮಾಡಿ ಕಿಟಕಿಯ ಹತ್ತಿರ ಕೂತೆವು.

"ಅಂಕಲ್, ಇವರಿಗೆ ಹೋಗೋಕೆ ಬೇರೆ ಕಡೆ ಇಲ್ಲ. ಗ್ಯಾಸ್ ಸ್ಟೇಷನ್‌ನಲ್ಲಿ ಒಳಗೆ ಬಿಡಲ್ಲ, ಲೈಬ್ರರೀಲಿ ಬಿಡಲ್ಲ..."

"ನಾ ಕಟುಕ ಅಲ್ಲವ್ವಾ. ಆದ್ರ ಆ ಕೂಸಿನ ಕೈಯಾಗ ಸೂಜಿ ಇತ್ತು. ಅದರವ್ವ ನನ್ನ ಮುಂದ ಕೂತು ಅತ್ತಳು. ಆಕಿಗೆ ಏನ್ ಹೇಳ್ಲಿ?"

ನಾನು ಅದನ್ನು ನಿರ್ದೇಶಕಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಪಾರ್ಕಿಂಗ್ ಲಾಟನ್ನು ದಿನಕ್ಕೆರಡು ಬಾರಿ ಗುಡಿಸುವ ಮಾತು ಎತ್ತಿದಳು. ಅಂಕಲ್ ತಲೆ ಅಲ್ಲಾಡಿಸಿದರು. ಮಾತು ಹಾಗೇ ಉದ್ದವಾಯಿತು.

ಇದರ ನಡುವೆ ಬಸ್ಸಿನವಳು ಒಳಗೆ ಹೋಗಿದ್ದಳು. ಸ್ವಯಂಸೇವಕಿಯೊಬ್ಬಳು ಕೋಳಿಮರಿಯ ಕತ್ತು ತಿರುಗಿಸಿ, ಹೊಸ ಪೆಟ್ಟಿಗೆಗಳನ್ನು ಇಳಿಸಲು ಹಿಂಬಾಗಿಲಿಗೆ ಹೋದಳು. ಮುಂದಿನದ್ದು ನನಗೆ ಆಮೇಲೆ ತಿಳಿದದ್ದು. ರೂಫಿಂಗ್ ಕೆಲಸದವನಿಗೆ ಮಾಲೀಕರ ಗುರುತಿತ್ತು, ಲೀಸಿನ ಸುದ್ದಿಯೂ ಗೊತ್ತಿತ್ತು. ಈಗ ಟೈಮರ್ ಕಿರ್ರೆನ್ನುತ್ತದೆ, ಯಾರೋ ಹೋಗಿ ಬಾಗಿಲು ತಟ್ಟುತ್ತಾರೆ, ಈ ಮನುಷ್ಯ ಯಾಕೆ ತಟ್ಟಿದಿರಿ ಎಂದು ಕೇಳುತ್ತಾನೆ, ಅಲ್ಲಿಗೆ ನಮ್ಮ ಜಾಗ ಮುಗಿಯಿತು ಎಂದು ಅವನು ಲೆಕ್ಕ ಹಾಕಿದ. ಎದ್ದು ಟೇಬಲ್ ಹತ್ತಿರ ಹೋಗಿ, ಟೈಮರನ್ನು ಸದ್ದಾಗದಂತೆ ಸೊನ್ನೆಗೆ ತಿರುಗಿಸಿ ಬಂದು ಕೂತ. ಸೋಫಾದ ಎಲ್ಲರೂ ನೋಡಿದರು. ಯಾರೂ ಬೇಡ ಅನ್ನಲಿಲ್ಲ. ಅವರೆಲ್ಲ ಸೇರಿ ಕೇಂದ್ರವನ್ನು ಉಳಿಸುತ್ತಿದ್ದರು.

ನಮ್ಮ ಬೆನ್ನ ಹಿಂದೆ ಗಲಾಟೆ ನಿಂತಿತ್ತು. ಮಾಲೀಕರ ಎದುರು ಎಷ್ಟು ಮರ್ಯಾದೆಯಿಂದ ಕೂತಿದ್ದಾರೆ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಆ ಮೌನ ಈಗಲೂ ಕೆಲವೊಮ್ಮೆ ಆಫೀಸಿನ ಮೀಟಿಂಗುಗಳಲ್ಲಿ ಬಂದು ಕೂರುತ್ತದೆ.

"ಮ್ಯಾಮ್." ರೂಫಿಂಗ್ ಕೆಲಸದವನು ಎದ್ದು ನಿಂತಿದ್ದ. ಮುಖ ಬಿಳಿಚಿತ್ತು. "ಮ್ಯಾಮ್, ಅವಳು ಒಳಗಿದ್ದಾಳೆ. ತುಂಬ ಹೊತ್ತಾಯ್ತು."

ನಿರ್ದೇಶಕಿ ಅಂಕಲ್ ಕಡೆ ನೋಡಲೂ ಇಲ್ಲ. ಓಡಿ ಹೋಗಿ ಅಂಗೈಯಿಂದ ಬಾಗಿಲು ಬಡಿದಳು. ಹೆಸರು ಹಿಡಿದು ಕೂಗಿದಳು. ಕೀ ತಿರುಗಿಸಿದಳು. ಬೀಗ ತೆರೆಯಿತು, ಬಾಗಿಲು ತೆರೆಯಲಿಲ್ಲ. ಅದು ಒಳಕ್ಕೆ ತೆರೆಯುವ ಬಾಗಿಲು. ಬಸ್ಸಿನವಳು ಒಳಗೆ ಅದಕ್ಕೆ ಅಡ್ಡವಾಗಿ ಬಿದ್ದಿದ್ದಳು. ಒತ್ತಿದರೆ ಒಂದು ಗೇಣಿನಷ್ಟು ಸಂದು, ಅಷ್ಟೇ. ಇನ್ನೂ ಜೋರಾಗಿ ಒತ್ತೋಣವೆಂದರೆ ಅವಳ ಕತ್ತು ಎಲ್ಲಿದೆಯೋ ಗೊತ್ತಿಲ್ಲ.

ನಮ್ಮಲ್ಲಿ ತೆಳ್ಳಗಿದ್ದವಳು ನಾನೇ. ನೆಲಕ್ಕೆ ಕೂತು ಎಡಗೈಯನ್ನು ಭುಜದವರೆಗೆ ಸಂದಿನಲ್ಲಿ ತೂರಿಸಿದೆ. ಒಳಗೆ ಏನೂ ಕಾಣುತ್ತಿರಲಿಲ್ಲ. ಟೈಲ್ಸ್ ಸಿಕ್ಕಿತು, ನಂತರ ಬಟ್ಟೆ, ನಂತರ ಮೊಣಕಾಲು. "ಕಾಲು ಸಿಕ್ತು," ಎಂದೆ. "ಮಡಚು, ಗೋಡೆ ಕಡೆ ತಳ್ಳು," ಎಂದಳು ನಿರ್ದೇಶಕಿ. ತಳ್ಳಿದೆ. ನನ್ನ ತಲೆಯ ಮೇಲೆ ಇನ್ನೊಂದು ಕೈ ಬಂದು ಬಾಗಿಲಿಗೆ ಒತ್ತಿಕೊಂಡಿತು. ಅಂಕಲ್ ಕೈ.

"ಧಡಾ ಧಡಾ ಹೊಡೀಬ್ಯಾಡ್ರಿ," ಎಂದು ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿದರು. "ಒಂದ ಸಮ ಒತ್ರಿ. ಸರೀತಾಳ. ಒತ್ರಿ, ಒತ್ರಿ."

ಉಳಿದ ಯಾರಿಗೂ ಕನ್ನಡ ಬರದಿದ್ದರೂ ಎಲ್ಲರೂ ಹಾಗೆಯೇ ಒತ್ತಿದರು. ಅವಳು ಸರಿದಳು. ನಾನು ಒಳಗೆ ನುಸುಳಿದೆ.

ತುಟಿ ನೀಲಿ. ಮುಖ ಬೂದಿ. ಉಸಿರಿಲ್ಲ. ಹೆಗಲು ಹಿಡಿದು ಎಳೆದು ಅಂಗಾತ ಮಲಗಿಸಿದೆವು. ನಿರ್ದೇಶಕಿ ಮೂಗಿಗೆ ನಲೊಕ್ಸೋನ್ ಬಿಟ್ಟಳು, ತಲೆಯನ್ನು ಹಿಂದಕ್ಕೆ ಬಾಗಿಸಿ ಮಾಸ್ಕ್ ಇಟ್ಟು ಉಸಿರು ಊದತೊಡಗಿದಳು. ಒಂದು ಊದು, ಎದೆ ಏರಬೇಕು, ಇಳಿಯಲು ಬಿಡಬೇಕು, ಮತ್ತೊಂದು. ನಾನು ಬೆರಳಿಗೆ ಆಕ್ಸಿಜನ್ ತೋರಿಸುವ ಕ್ಲಿಪ್ ಹಾಕಿದೆ. ಉಗುರಿನ ಬಣ್ಣಕ್ಕೆ ಅದು ಸರಿಯಾಗಿ ಓದಲಿಲ್ಲ. ಬೆರಳನ್ನು ಅಡ್ಡ ತಿರುಗಿಸಿ ಹಾಕಿದೆ. ತೀರಾ ಕಡಿಮೆ ಅಂಕಿ ಕಂಡಿತು, ಕ್ಲಿಪ್ಪನ್ನೇ ನಿರ್ದೇಶಕಿಯತ್ತ ತಿರುಗಿಸಿದೆ.

ಹೊರಗೆ ಅಂಕಲ್ ತುರ್ತುಸೇವೆಯ 911ಗೆ ಫೋನ್ ಮಾಡುತ್ತಿದ್ದರು. ವಿಳಾಸದಲ್ಲಿನ ಯೂನಿಟ್ ನಂಬರ್ ನಮ್ಮಲ್ಲಿ ಯಾರಿಗೂ ಆ ಕ್ಷಣ ನೆನಪಾಗಲಿಲ್ಲ, ಅವರಿಗೆ ನೆನಪಿತ್ತು. "ಹೌದು, ಓವರ್‌ಡೋಸ್," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಹೌದು, ಈ ಕಟ್ಟಡ ನನ್ನದೇ." ಅಡಗಿಸುವುದಕ್ಕೆ ಅಲ್ಲಿಗೆ ಏನೂ ಉಳಿದಿರಲಿಲ್ಲ.

ಎರಡನೆಯ ಡೋಸ್ ಆದ ಮೇಲೆ ಅವಳ ಎದೆ ತಾನಾಗಿ ಒಮ್ಮೆ ಏರಿತು. ಮತ್ತೆ ನಿಂತಿತು. ಮತ್ತೆ ಏರಿತು. ಆದರೆ ಕಣ್ಣು ಬಿಡಲಿಲ್ಲ. ನಾನು ಮೂರನೆಯ ಸ್ಪ್ರೇ ಕೈಗೆತ್ತಿಕೊಂಡೆ.

"ಬೇಡ," ಎಂದಳು ನಿರ್ದೇಶಕಿ. "ಪುಡಿಯಲ್ಲಿ ಪ್ರಾಣಿಗಳಿಗೆ ಕೊಡೋ ಮತ್ತಿನ ಔಷಧ ಬೆರೆತಿರುತ್ತೆ. ಅದಕ್ಕೆ ಇದು ಕೆಲಸ ಮಾಡಲ್ಲ. ಅವಳು ಏಳೋದು ಬೇಡ, ಉಸಿರಾಡಲಿ ಸಾಕು. ಕಣ್ಣು ನೋಡ್ಬೇಡ, ಎದೆ ನೋಡು."

ಆಂಬುಲೆನ್ಸ್ ಬರುವ ತನಕ ಅವಳ ಎದೆಯನ್ನೇ ನೋಡುತ್ತ ಕೂತೆ. ತುಟಿಗೆ ನಿಧಾನವಾಗಿ ಬಣ್ಣ ಬಂತು. ಸ್ಟ್ರೆಚರ್ ಮೇಲೆ ಎತ್ತುವಾಗ ಅವಳು ಏನೋ ಗೊಣಗಿದಳು. ರೂಫಿಂಗ್ ಕೆಲಸದವನು ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡಿದ್ದ. "ಬೈದಳು," ಎಂದು ನಾನು ಅವನಿಗೆ ಹೇಳಿದೆ. "ಕೇಳಿಸ್ತಾ? ನಮ್ಮನ್ನೇ ಬೈದಳು." ಅವನು ಅಳುತ್ತಲೇ ನಕ್ಕ.

ಎಲ್ಲ ಹೋದ ಮೇಲೆ ಕೈ ತೊಳೆಯಲು ನಿಂತಾಗ ನನ್ನ ಕಾಟನ್ ಶರ್ಟಿನ ಎಡತೋಳಿನಲ್ಲಿ ಏನೋ ತೂಗಾಡುತ್ತಿತ್ತು. ಸೂಜಿ. ಮುಚ್ಚಳವಿಲ್ಲದ್ದು. ಕುರುಡಾಗಿ ತಡಕಾಡುವಾಗ ಬಟ್ಟೆಗೆ ಸಿಕ್ಕಿಕೊಂಡಿತ್ತು. ಚರ್ಮ ತಾಗಿರಲಿಲ್ಲ. ನಿರ್ದೇಶಕಿ ದೀಪದ ಕೆಳಗೆ ನನ್ನ ತೋಳನ್ನು ಹೊರಳಿಸಿ ಹೊರಳಿಸಿ ನೋಡಿದಳು, ಏನೂ ಇರಲಿಲ್ಲ. ರಕ್ತಪರೀಕ್ಷೆಗಳಲ್ಲೂ ಏನೂ ಇರಲಿಲ್ಲ. ಆದರೂ ಈಗಲೂ ಮನೆಯ ಸೋಫಾದ ಸಂದಿಗೆ ಬಿದ್ದ ರಿಮೋಟ್ ತೆಗೆಯಲು ನನ್ನಿಂದಾಗುವುದಿಲ್ಲ. ಗಂಡನನ್ನು ಕರೆಯುತ್ತೇನೆ.

ಮರುದಿನ ಬೆಳಗ್ಗೆ ನಾವು ಬಾತ್‌ರೂಮಿಗೆ ಬೀಗ ಹಾಕಬೇಕೋ ಬೇಡವೋ ಎಂದು ಮಾತಾಡಿದೆವು. ಕೆಲವರು ಹಾಕಲೇಬೇಕು ಎಂದರು, ಇಂಥದ್ದನ್ನು ಇನ್ನೊಮ್ಮೆ ನೋಡುವ ಶಕ್ತಿ ತಮಗಿಲ್ಲ ಎಂದರು. ರೂಫಿಂಗ್ ಕೆಲಸದವನನ್ನು ಕೆಲ ದಿನ ಒಳಗೆ ಬಿಡಬಾರದು ಎಂದೂ ಯಾರೋ ಹೇಳಿದರು. ನಿರ್ದೇಶಕಿ ಎದ್ದು ಬೋರ್ಡಿನ ಹತ್ತಿರ ಹೋದಳು. "ಅವನು ಮಾಡಿದ್ದು ನಾವು ಕಲಿಸಿದ್ದನ್ನೇ," ಎಂದಳು ಕೊನೆಗೆ. "ಕಾಣದ ಹಾಗೆ ಇರೋದನ್ನ. ಇನ್ಮೇಲೆ ಯಾರೇ ಬಂದು ಕೂತಿರಲಿ, ಪೊಲೀಸರೇ ಇರಲಿ, ಟೈಮರ್ ಕೂಗುತ್ತೆ, ನಾವು ತಟ್ತೀವಿ. ಯಾಕೆ ಅಂತ ಕೇಳಿದ್ರೆ ಹೇಳ್ತೀವಿ." ಗೋಡೆಯ ಬೋರ್ಡನ್ನು ಅವಳೇ ಕಿತ್ತಳು. ಹಿಂದೆ ಗೋಡೆಯ ಬಣ್ಣ ಬೇರೆಯಿತ್ತು.

ಅದೇ ವಾರ ಅಂಕಲ್ ಬಡಗಿಯನ್ನು ಕರೆತಂದು ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿಸಿದರು. ತಾವೇ ನಿಂತು ಕೀಲು ಪರೀಕ್ಷಿಸಿದರು. ನನಗೆ ಖುಷಿಯಾಗಿ ಥ್ಯಾಂಕ್ಸ್ ಹೇಳಹೋದೆ.

"ಲೀಸ್ ಕೊಡಂಗಿಲ್ಲವ್ವಾ," ಎಂದರು. "ಇರೋ ತನಕ ಯಾರೂ ಸಾಯಬಾರದು, ಅದಕ್ಕ ಬಾಗಲಾ. ಮುಂದ ನಾ ಕೊಡಂಗಿಲ್ಲ."

ಲೀಸ್ ಮುಗಿಯುವ ಮೊದಲು ಹತ್ತಿರದ ಚರ್ಚಿನ ಹಾಲ್‌ನಲ್ಲಿ ನೆರೆಹೊರೆಯವರ ಸಭೆ ನಡೆಯಿತು. ನರ್ಸ್ ಎದುರಿಗೆ ಬಳಸುವ ಕೋಣೆ ಈ ಭಾಗದಲ್ಲಿ ಬರಬಹುದೇ ಎಂಬುದು ವಿಷಯ. ಮಡಚುವ ಕುರ್ಚಿಗಳು, ಯಾರೋ ತಂದ ನಿಂಬೆ ಕೇಕ್. ಆಸ್ಪತ್ರೆಯಿಂದ ಬಂದು ತಿಂಗಳುಗಳಾಗಿದ್ದ ಬಸ್ಸಿನವಳು ಎದ್ದು ಮಾತಾಡಿದಳು. "ನಿಮ್ಮಲ್ಲಿ ಕೆಲವರ ಮಕ್ಕಳನ್ನ ನಾನೇ ಸ್ಕೂಲಿಗೆ ಬಿಟ್ಟಿದ್ದೀನಿ. ಒಬ್ಬರನ್ನೂ ದಾರೀಲಿ ಬಿಟ್ಟು ಬಂದಿಲ್ಲ. ನನಗೂ ಅಷ್ಟೇ ಮಾಡಿ," ಎಂದು ಕೂತಳು. ಆಮೇಲೆ ಅಂಕಲ್ ಎದ್ದರು. ತಾನು ಆ ಬಾಗಿಲನ್ನು ತಳ್ಳಿದವನು, ಆ ಮುಖ ಕಣ್ಣ ಮುಂದಿನಿಂದ ಹೋಗಿಲ್ಲ ಎಂದರು. ಆದರೂ ಮಕ್ಕಳು ಓಡಾಡುವ ಜಾಗದಲ್ಲಿ ಇಂಥ ಕೋಣೆಗೆ ತನ್ನ ಒಪ್ಪಿಗೆ ಇಲ್ಲ ಎಂದರು. ಕೆಲವರು ಚಪ್ಪಾಳೆ ತಟ್ಟಿದರು. ಅವರು ತಲೆ ತಗ್ಗಿಸಿ ಕೂತರು. ಸಭೆ ಏನನ್ನೂ ನಿರ್ಧರಿಸದೆ ಮುಗಿಯಿತು.

ಹೊರಗೆ ಇನ್ನೂ ಬೆಳಕಿತ್ತು. ಬಸ್ಸಿನವಳು ಬಸ್ ಸ್ಟಾಪಿನತ್ತ ಹೊರಟಿದ್ದಳು. ನನ್ನನ್ನು ಮನೆಗೆ ಬಿಡುವುದಾಗಿ ಅಂಕಲ್ ಮೊದಲೇ ಹೇಳಿದ್ದರು. ಅವಳ ಪಕ್ಕ ಕಾರು ನಿಲ್ಲಿಸಿ ಕಿಟಕಿ ಇಳಿಸಿದರು.

"ಬನ್ನಿ, ಬಿಡ್ತೀನಿ."

"ಈಗಷ್ಟೇ ನನ್ನ ವಿರುದ್ಧ ಮಾತಾಡಿದ್ರಿ!"

"ಹೌದು. ಬನ್ನಿ, ಬಿಸಿಲಿದೆ."

ಅವಳು ಜೋರಾಗಿ ನಕ್ಕು ಹಿಂದೆ ಕೂತಳು. ದಾರಿಯುದ್ದಕ್ಕೂ ಅಂಕಲ್ ಡ್ರೈವಿಂಗ್ ಬಗ್ಗೆ ತಕರಾರು ತೆಗೆದಳು, ಇಂಡಿಕೇಟರ್ ಹಾಕಿ ಎಂದಳು, ಇಷ್ಟು ಮೆತ್ತಗೆ ಹೋದರೆ ಮಕ್ಕಳಿಗೆ ಫಸ್ಟ್ ಬೆಲ್ ತಪ್ಪುತ್ತೆ ಎಂದಳು. ಅರ್ಧ ದಾರಿಯಲ್ಲಿ ಮಾತು ನಿಂತಿತು. ತಿರುಗಿ ನೋಡಿದೆ. ಅವಳ ಹಣೆಯಲ್ಲಿ ಬೆವರು, ಮೊಣಕಾಲು ಕುಣಿಯುತ್ತಿತ್ತು. ಡ್ರಗ್ಸ್ ಬೇಕೆನಿಸಿದಾಗಿನ ಆ ಮುಖ ನನಗೆ ಗೊತ್ತಿತ್ತು. ಪೆಟ್ರೋಲ್ ಹಾಕುವ ಒಂದು ಗ್ಯಾಸ್ ಸ್ಟೇಷನ್ ಕಂಡಾಗ, "ಇಲ್ಲಿ ಸ್ವಲ್ಪ ನಿಲ್ಲಿಸ್ತೀರಾ? ಬಾತ್‌ರೂಮ್," ಎಂದಳು.

ಅಂಕಲ್ ನಿಲ್ಲಿಸಿದರು. ಕಾರಿನಿಂದ ಇಳಿದವಳೆಂದೋ ಏನೋ, ಕೌಂಟರಿನಲ್ಲಿ ಕೇಳಿದಾಗ ಕೀ ಕೊಟ್ಟರು, ಅವಳು ಕಟ್ಟಡದ ಪಕ್ಕಕ್ಕೆ ನಡೆದಳು. ನಾನು ಸೀಟ್ ಬೆಲ್ಟ್ ಬಿಚ್ಚುವಷ್ಟರಲ್ಲಿ ಅವರು ಇಳಿದಾಗಿತ್ತು. ನಾನು ಬ್ಯಾಗಿನಿಂದ ಸ್ಪ್ರೇ ಹುಡುಕಿಕೊಂಡು ಹಿಂದೆಯೇ ಓಡಿದೆ.

ಅವರು ಬಾಗಿಲ ಎದುರು ಕೈಕಟ್ಟಿ ನಿಂತಿದ್ದರು. ಸಭೆಗೆಂದು ಹಾಕಿದ್ದ ಟೈ ಇನ್ನೂ ಇತ್ತು. ಕೌಂಟರಿನ ಹುಡುಗಿ ಹೊರಗೆ ಇಣುಕಿ, "ಸರ್, ಏನಾದ್ರೂ ಬೇಕಿತ್ತಾ?" ಎಂದಳು.

"ಇಲ್ಲ. ಒಳಗಿರೋರಿಗೆ ಕಾಯ್ತಿದ್ದೀನಿ."

ಅವಳು ಹೋದಳು. ಅಂಕಲ್ ಬಾಗಿಲು ತಟ್ಟಿದರು. ಮೊದಲ ಸಲ ಬೆರಳ ಗೆಣ್ಣಿನಿಂದ, ಸಂಕೋಚದಿಂದ. ಉತ್ತರ ಬರಲಿಲ್ಲ. ಅಂಗೈಯಿಂದ ಬಡಿದರು.

"ಇದ್ದೀನಿ ಮಾರಾಯ!" ಒಳಗಿನಿಂದ ಸ್ವರ ಬಂತು, ಸ್ವಲ್ಪ ತೊದಲುತ್ತಿತ್ತು. "ಯಾರದು?"

"ಬಿಲ್ಡಿಂಗ್ ಓನರ್."

"ಯಾವ ಬಿಲ್ಡಿಂಗು? ಇದೂ ನಿಮ್ದೇನಾ?"

ಅಂಕಲ್‌ಗೆ ನಗು ಬಂತು, ಅದನ್ನು ಒತ್ತಿಹಿಡಿದರು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದರು:

"ಇಷ್ಟಕ್ಕ ಒಂದು ಕಾನೂನ ಬೇಕೇನವ್ವಾ? ಯಾರರ ಒಬ್ಬ ಮನಿಷ್ಯಾ ನಿಂತ್ರ ಸಾಲಂಗಿಲ್ಲೇನು?"

"ನಾಳೆ ಯಾರು ನಿಲ್ತಾರೆ ಅಂಕಲ್?"

ಅವರು ಕೈಗಡಿಯಾರ ನೋಡಿಕೊಂಡರು. ಬಾಗಿಲಿನ ಕಡೆ ತಿರುಗಿ ಮತ್ತೆ ತಟ್ಟಿದರು.